ಅರವತ್ತು ಕಿಲೋ

ಗೋವಿನಜೋಳದ ವ್ಯಾಪಾರಿಯ ಅಂಗಡಿ ಮುಂದೆ ನಿಲ್ಲಿಸಿರುವ ಕಬ್ಬಿಣದ ಕಾಟಾ ಕಂಡರೆ ನಾನು ಇವತ್ತಿಗೂ ರಸ್ತೆಯ ಆಚೆ ಬದಿಗೆ ಸರಿದು ನಡೆಯುತ್ತೇನೆ. ಚೀಲ ತೂಗುವ ಸಾಮಾನು ಅದು, ಅದರದೇನೂ ತಪ್ಪಿಲ್ಲ. ಅದರ ಮೇಲೆ ಬರೀ ಚಡ್ಡಿಯಲ್ಲಿ ಮನುಷ್ಯರನ್ನು ಹತ್ತಿಸಿ, ತೂಕ ಎಷ್ಟು ಬಂತೆಂದು ಕುತ್ತಿಗೆ ಉದ್ದ ಮಾಡಿ ನೋಡುತ್ತಿದ್ದವರು ನಾವು. ಆ ಒಂದು ಹಂಗಾಮಿನಲ್ಲಿ ನಾನು ಮಾಡಿದ್ದನ್ನು ನೆನೆಸಿಕೊಂಡರೆ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಅನ್ನಿಸುತ್ತದೆ. ಹಾಗೆ ಉಗಿದುಕೊಳ್ಳಲು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ದಾಂಡೇಲಿಯ ಪೇಪರ್ ಮಿಲ್ಲಿನಲ್ಲಿ ಶಿಫ್ಟ್ ಕೆಲಸದವನು. ಧಾರವಾಡದ ಕಡೆಯ ಹಳ್ಳಿಯಿಂದ ಬಂದು ಹತ್ತು ವರ್ಷ ಆಗಿತ್ತು. ನಾವಿದ್ದ ಸಾಲಿನ ಮನೆಗಳವರು ಸೇರಿ ಒಂದು ಕಬಡ್ಡಿ ತಂಡ ಕಟ್ಟಿಕೊಂಡಿದ್ದೆವು. ಮೊದಲು ನಾನೂ ಆಡುತ್ತಿದ್ದೆ. ಮೊಣಕಾಲು ತಿರುಚಿಕೊಂಡು ಆಟ ಬಿಟ್ಟ ಮೇಲೆ ಮ್ಯಾನೇಜರ್ ಆದೆ. ಮ್ಯಾನೇಜರ್ ಅಂದರೆ ದೊಡ್ಡದೇನೋ ಅಂದುಕೊಳ್ಳಬೇಡಿ. ಟೆಂಪೊ ಗೊತ್ತು ಮಾಡುವವನು, ಅವಲಕ್ಕಿ ಡಬ್ಬಿ ಹೊರುವವನು, ಎಲ್ಲರಿಗಿಂತ ಜೋರಾಗಿ ಬೈಯುವವನು. ಮೂರನೆಯ ಕೆಲಸದಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆಯ ತಂಡಗಳದ್ದೇ ಒಂದು ಲೀಗ್ ಇತ್ತು. ಅದರಲ್ಲಿ ಎರಡು ಗುಂಪು, ಎ ಮತ್ತು ಬಿ. ದೀಪಾವಳಿ ಮುಗಿದ ಮೇಲೆ ಶುರುವಾದರೆ ಶಿವರಾತ್ರಿಯವರೆಗೆ ಪ್ರತಿ ಭಾನುವಾರ ಆಟ. ಒಮ್ಮೆ ಅವರ ಊರಿಗೆ ನಾವು ಹೋಗಬೇಕು, ಒಮ್ಮೆ ಅವರು ನಮ್ಮಲ್ಲಿಗೆ ಬರಬೇಕು. ಹಂಗಾಮಿನ ಕೊನೆಗೆ ಬಿ ಗುಂಪಿನಲ್ಲಿ ಮೊದಲು ಬಂದ ತಂಡ ಎ ಗುಂಪಿಗೆ ಏರುತ್ತದೆ, ಎ ಗುಂಪಿನಲ್ಲಿ ಕೊನೆಗೆ ಬಂದದ್ದು ಕೆಳಗಿಳಿಯುತ್ತದೆ. ನಾವು ಆರು ವರ್ಷದಿಂದ ಬಿಯಲ್ಲೇ ಇದ್ದೆವು. ಎರಡನೆಯವರಾಗಿ ಬಂದಿದ್ದೆವು, ಮೂರನೆಯವರಾಗಿ ಬಂದಿದ್ದೆವು, ಒಮ್ಮೆಯೂ ಮೊದಲು ಬಂದಿರಲಿಲ್ಲ.

ಬಿ ಗುಂಪು ಎಂದರೆ ಏನೆಂದು ಆಡಿದವನಿಗೇ ಗೊತ್ತು. ಎ ಗುಂಪಿನವರ ಆಟ ಹಳಿಯಾಳದಲ್ಲಿ, ಸುಣ್ಣದ ಗೆರೆ, ಮೈಕು, ಹಿರಿಯರಿಗೆ ಕುರ್ಚಿ. ನಮ್ಮದು ಎಲ್ಲಿ ಜಾಗ ಸಿಕ್ಕರೆ ಅಲ್ಲಿ. ಒಂದು ಊರಲ್ಲಿ ಬೆಳಿಗ್ಗೆವರೆಗೆ ಎಮ್ಮೆ ಕಟ್ಟಿದ್ದ ಬಯಲು, ಸಗಣಿ ಬಳಿದು ಮೇಲೆ ಬೂದಿಯ ಗೆರೆ. ಇನ್ನೊಂದು ಊರಲ್ಲಿ ಅಂಗಳ ಎಷ್ಟು ಇಳಿಜಾರು ಅಂದರೆ ಮೇಲಿನ ಬದಿ ಸಿಕ್ಕವರು ಗೆದ್ದಂತೆಯೇ. ಬಟ್ಟೆ ಬದಲಿಸುವುದು ಟೆಂಪೊದೊಳಗೆ, ಹತ್ತು ಜನರ ಬೆವರು, ಅಮೃತಾಂಜನ, ಹಳೇ ಕಾಲುಚೀಲದ ವಾಸನೆ ಒಟ್ಟಿಗೆ. ಎ ಗುಂಪಿನ ಆಟಗಾರರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರೆ, "ಹೆಂಗ ನಡದೈತಿ ಬಿ ಗ್ರೂಪು?" ಅಂತ ನಗುತ್ತ ಕೇಳುತ್ತಿದ್ದರು. ಆ ನಗು ನನ್ನ ಮೈಗೆ ಅಂಟಿಕೊಂಡು ಸೋಪು ಹಚ್ಚಿದರೂ ಹೋಗುತ್ತಿರಲಿಲ್ಲ. ಒಮ್ಮೆ ಎ ಗುಂಪಿಗೆ ಹೋಗಬೇಕು, ಒಂದೇ ಒಂದು ಸಲ. ನನ್ನ ಬದುಕಿನಲ್ಲಿ ಆಗ ಇದಕ್ಕಿಂತ ದೊಡ್ಡ ಆಸೆ ಇರಲಿಲ್ಲ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಲೀಗಿನಲ್ಲಿ ಎರಡು ಕಟ್ಟಳೆಗಳಿದ್ದವು. ಒಂದು, ಯಾವ ಆಟಗಾರನೂ ಅರವತ್ತು ಕಿಲೋ ಮೀರಬಾರದು. ಹಿಂದೆ ಯಾರೋ ಗರಡಿಮನೆಯ ಪೈಲ್ವಾನರನ್ನು ತಂದು ಆಡಿಸಿ, ಎದುರಿನವರ ಪಕ್ಕೆಲುಬು ಮುರಿಸಿದ್ದರಂತೆ. ಆಗಿನಿಂದ ಆಟಕ್ಕೆ ಮುಂಚೆ ಅಂಗಳದ ಬದಿಯಲ್ಲೇ ಎಲ್ಲರನ್ನೂ ಕಾಟಾ ಹತ್ತಿಸುವುದು. ತೂಕ ಮುಗಿಸಿ ತಂಬಿಗೆಗಟ್ಟಲೆ ನೀರು ಕುಡಿದು ಆಡುವ ಜಾಣರೂ ಹುಟ್ಟಿಕೊಂಡರು, ಅದಕ್ಕೆ ಅರ್ಧ ಆಟದಲ್ಲಿ ಬೇಕಾದವನನ್ನು ಮತ್ತೆ ತೂಗಬಹುದು ಎಂದೂ ಮಾಡಿದರು. ಇನ್ನೊಂದು ಕಟ್ಟಳೆ ಗೆರೆ ಕಾಯುವವನದು. ಅಂಗಳದ ಎರಡು ಬದಿಗೆ ಎರಡೂ ತಂಡದ ಒಬ್ಬೊಬ್ಬ ಕೂರಬೇಕು. ಮುಟ್ಟಿದನೋ ಇಲ್ಲವೋ, ದಮ್ಮು ಕಡಿಯಿತೋ ಇಲ್ಲವೋ ಎಂದು ಜಗಳ ಬಂದರೆ, ಹತ್ತಿರ ಇದ್ದ ಗೆರೆಯವನು ಅಂಗಳದ ಮಣ್ಣು ಮುಟ್ಟಿ ಹೇಳಬೇಕು. ಅವನು ಹೇಳಿದ ಮೇಲೆ ಮುಗಿಯಿತು, ಅಂಪೈರೂ ತುಟಿ ಬಿಚ್ಚುವಂತಿಲ್ಲ. ಸ್ವಂತ ತಂಡದ ವಿರುದ್ಧ ಮಣ್ಣು ಮುಟ್ಟಿ ಹೇಳಿದವರನ್ನು ನಾನು ಎಷ್ಟೋ ಸಲ ನೋಡಿದ್ದೆ.

ಆ ವರ್ಷ ನನ್ನ ಹೆಂಡತಿಯ ತಮ್ಮ ನಮ್ಮಲ್ಲಿಗೆ ಬಂದಿದ್ದ. ಇಪ್ಪತ್ತನಾಲ್ಕರ ಆಳು. ಊರಲ್ಲಿ ತಾಯಿ ತೀರಿಕೊಂಡಿದ್ದರು, ಹೊಲ ಅಣ್ಣಂದಿರ ಪಾಲಾಗಿತ್ತು. ಬಿದಿರು ಇಳಿಸುವ ಕೆಲಸಕ್ಕೆ ಸೇರಿಸಿದೆ. ಮೊದಲ ಭಾನುವಾರ ಸುಮ್ಮನೆ ನಮ್ಮವರ ಜೊತೆ ಆಡಲು ಬಿಟ್ಟೆ. ಒಂದೇ ದಮ್ಮಿನಲ್ಲಿ ಹೋಗಿ ಮೂವರನ್ನು ಮುಟ್ಟಿ, ಏನೂ ಆಗದವನಂತೆ ವಾಪಸು ಬಂದು ಮೂಗು ಒರೆಸಿಕೊಂಡ. ಅವನ ದಮ್ಮು ಅಷ್ಟು ಉದ್ದ. ನಮ್ಮ ತಂಡದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಮಾತ್ರ ಅವನ ಮುಖ ನೋಡಲಿಲ್ಲ, ಹೊಟ್ಟೆ ನೋಡಿದೆ.

ಮಾರನೆಯ ದಿನ ಪೇಟೆಗೆ ಕರೆದುಕೊಂಡು ಹೋಗಿ ತೂಗಿಸಿದೆ. ಅರವತ್ತನಾಲ್ಕು.

ನಾಲ್ಕು ಕಿಲೋ ಇಳಿಸುವುದು ಹೇಗೆಂದು ಬಿ ಗುಂಪಿನಲ್ಲಿ ಎಲ್ಲರಿಗೂ ಗೊತ್ತಿದ್ದ ವಿದ್ಯೆ. ಅದು ನಮ್ಮ ವಿದ್ಯೆ, ಬೇರೆ ಯಾರಿಗೂ ಬೇಡ. ಶುಕ್ರವಾರ ಸಂಜೆಯಿಂದ ಊಟ ಬಂದ್. ಶನಿವಾರ ಬೆಳಿಗ್ಗೆ ಔಡಲೆಣ್ಣೆ, ಮಧ್ಯಾಹ್ನದವರೆಗೆ ಚಂಬು ಹಿಡಿದು ಓಡಾಟ. ಆಮೇಲೆ ನೀರೂ ಬಂದ್. ಭಾನುವಾರ ಬೆಳಿಗ್ಗೆ ಮೈಗೆ ಎರಡು ಕಂಬಳಿ ಸುತ್ತಿ ಹೊಳೆ ದಂಡೆಯ ಉದ್ದಕ್ಕೂ ಓಡಿಸುವುದು. ಟೆಂಪೊದಲ್ಲಿ ಕೂತ ಮೇಲೆ ಬಾಯಿಗೆ ಹುಣಸೆಹಣ್ಣು ಕೊಟ್ಟು, ಕೈಗೊಂದು ಖಾಲಿ ಡಾಲ್ಡಾ ಡಬ್ಬಿ ಕೊಡುವುದು. ಊರು ಮುಟ್ಟುವವರೆಗೆ ಅದರೊಳಗೆ ಉಗುಳುತ್ತಿರಬೇಕು. ಉಗುಳೂ ತೂಕವೇ. ಮುಂಡಗೋಡದವರೆಗಿನ ಹದಗೆಟ್ಟ ದಾರಿಯಲ್ಲಿ ಆ ಡಬ್ಬಿ ತುಳುಕದಂತೆ ಹಿಡಿದುಕೊಳ್ಳುತ್ತಿದ್ದವನು ನಾನು. ಒಮ್ಮೆ ನನ್ನ ಪ್ಯಾಂಟಿನ ಮೇಲೆ ಅರ್ಧ ಡಬ್ಬಿ ಚೆಲ್ಲಿತು. ಅವತ್ತು ನನಗೆ ಅಸಹ್ಯವಾದದ್ದು ಉಗುಳು ಕಂಡು, ಇವತ್ತು ಅಸಹ್ಯವಾಗುವುದು ಅದನ್ನು ಹಿಡಿದುಕೊಂಡ ಕೈ ಕಂಡು.

ಮೊದಮೊದಲು ಅವನಿಗೂ ತಮಾಷೆ. "ಮಾವಾ, ಇನ್ನ ಏನರ ಉಳದೈತೇನ್ರಿ ನನ್ನ ಮೈಯಾಗ? ತಲಿ ಒಂದ ಬಿಚ್ಚಿ ಮನ್ಯಾಗ ಇಟ್ಟ ಬರ್ಲೇನು?" ಎಂದು ನಗುತ್ತಿದ್ದ. ನಾನು ತಲೆ ಬಿಚ್ಚಿಸಲಿಲ್ಲ, ಬೋಳಿಸಿದೆ. ಕೂದಲು ಎಷ್ಟು ಗ್ರಾಂ ಇರುತ್ತದೆ ಎಂದು ಕಟಿಂಗ್ ಅಂಗಡಿಯವನನ್ನು ಕೇಳಿದ ಮಹಾನುಭಾವ ನಾನು. ಅವನು ನನ್ನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿದ, ಸರಿಯಾಗಿಯೇ ನೋಡಿದ.

ಎರಡನೆಯ ವಾರ ಹೆಂಡತಿ ರೊಟ್ಟಿ ಬಡಿಯುವ ಕೈ ನಿಲ್ಲಿಸಿ ಕೇಳಿದಳು: "ರೀ, ನನ್ನ ತಮ್ಮ ದುಡ್ಯಾಕ ಬಂದಾನೊ, ಒಣಗಾಕ ಬಂದಾನೊ? ಉಂಡರ ಐದ ರೊಟ್ಟಿ ಉಣ್ಣಾಂವ ಅವ. ಶುಕ್ರವಾರ ಬಂತಂದ್ರ ಒಲಿ ಕಡೆ ಮಾರಿ ಹಾಕದ ಹೊರಗ ಕುಂದರತಾನ."

"ಹಂಗಾಮ ಮುಗಿಯೂಮಟ ಅಷ್ಟ," ಎಂದೆ.

"ಅವ್ವ ಇದ್ದಿದ್ರ ನಿಮಗ ಹಿಂಗ ಮಾಡಾಕ ಬಿಡ್ತಿದ್ಲೇನು?"

ಶಿಫ್ಟಿಗೆ ಹೊತ್ತಾಯಿತೆಂದು ಸೈಕಲ್ ಹತ್ತಿದೆ.

ನಾವು ಗೆಲ್ಲತೊಡಗಿದೆವು. ಚಿಗಳ್ಳಿಯಲ್ಲಿ ಗೆದ್ದೆವು, ಹಳಿಯಾಳದ ಹತ್ತಿರದ ಎರಡು ಹಳ್ಳಿಗಳಲ್ಲಿ ಗೆದ್ದೆವು. ಜೋಯಿಡಾ ಕಡೆಯ ಒಂದು ಊರಿನಲ್ಲಿ ಆಟ ಕೊನೆಗೆ ಬಂದಾಗ ಜಗಳವೆದ್ದಿತು. ನಮ್ಮವನು ಓಡಿ ಬರುವಾಗ ಅವರ ಹುಡುಗನೊಬ್ಬನ ಬೆನ್ನಿಗೆ ಬೆರಳು ತಾಗಿಸಿದನೋ ಇಲ್ಲವೋ ಯಾರಿಗೂ ಕಂಡಿರಲಿಲ್ಲ. ಆ ಬದಿಗೆ ಕೂತಿದ್ದವನು ಅವರ ಗೆರೆಯವನು, ಕೊಂಕಣಿ ಮಾತನಾಡುವ ವಯಸ್ಸಾದ ಒಬ್ಬ ಮನುಷ್ಯ. ಅವನು ಬಗ್ಗಿ ಮಣ್ಣು ಮುಟ್ಟಿ, "ಹಾತ್ ಲಾಗ್ಲಾ," ಎಂದ, ಕೈ ತಾಗಿದೆ ಅಂತ. ಅವನದೇ ಊರು ಸೋತಿತು. ಅವನ ಊರವರು ಕೊಡೆ ತೆಗೆದುಕೊಂಡು ಮನೆಗೆ ನಡೆದರು. ವಾಪಸು ಬರುವಾಗ ಟೆಂಪೊದಲ್ಲಿ ನಾವು ಆ ಮುದುಕನ ದಡ್ಡತನ ನೆನೆಸಿಕೊಂಡು ಹೊಟ್ಟೆ ಹಿಡಿದು ನಕ್ಕೆವು. ನಾನು ಅವನ ಧ್ವನಿಯಲ್ಲಿ "ಹಾತ್ ಲಾಗ್ಲಾ" ಎಂದು ಅಣಕಿಸಿ ತೋರಿಸಿದೆ. ಎಲ್ಲರೂ ಇನ್ನೊಮ್ಮೆ, ಇನ್ನೊಮ್ಮೆ ಅಂದರು. ನನ್ನ ಹೆಂಡತಿಯ ತಮ್ಮ ಮಾತ್ರ ಡಬ್ಬಿ ಕಾಲಡಿ ಇಟ್ಟುಕೊಂಡು ಹೊರಗೆ ನೋಡುತ್ತ ಕೂತಿದ್ದ.

ಮುಂಡಗೋಡದ ತಂಡದೊಂದಿಗೆ ಆಟ ಟಿಬೆಟನ್ ಕಾಲೊನಿಗೆ ಹತ್ತಿರದ, ಜೋಳ ಕಿತ್ತ ಹೊಲದಲ್ಲಿ. ಕಾಲೊನಿಯ ಜನ, ಕೆಂಪು ವಸ್ತ್ರದ ಲಾಮಾಗಳು ಸಹ ನೋಡಲು ಬಂದಿದ್ದರು. ಗಂಡಸರು ಚಡ್ಡಿಯಲ್ಲಿ ಸಾಲಾಗಿ ನಿಂತು ಜೋಳದ ಕಾಟಾ ಹತ್ತುವುದು ಅವರಿಗೆ ಆಟಕ್ಕಿಂತ ದೊಡ್ಡ ಮೋಜಾಗಿ ಕಂಡಿತು. ಒಬ್ಬ ವಯಸ್ಸಾದ ಲಾಮಾ ಫ್ಲಾಸ್ಕಿನಿಂದ ಬೆಣ್ಣೆ ಹಾಕಿದ ಉಪ್ಪಿನ ಚಹಾ ಬಗ್ಗಿಸಿ ನನ್ನ ಹೆಂಡತಿಯ ತಮ್ಮನಿಗೆ ಕೊಟ್ಟ. ಅವನು ಲೋಟ ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದ. ತುಟಿ ಒಡೆದು ಬಿಳಿಯಾಗಿತ್ತು. ನಾನು ಕೆಮ್ಮಿದೆ. ಅವನು ಲೋಟ ತಿರುಗಿ ಕೊಟ್ಟ. ಆ ಲಾಮಾ ಒಂದು ಸಲ ಅವನನ್ನು, ಒಂದು ಸಲ ನನ್ನನ್ನು ನೋಡಿದ. ಆಟ ಮುಗಿದ ಮೇಲೆ ಫ್ಲಾಸ್ಕನ್ನೇ ಹಿಡಿದುಕೊಂಡು ಬಂದು ಅವನ ಪಕ್ಕದಲ್ಲಿ ನೆಲದ ಮೇಲೆ ಕೂತು, ಲೋಟದ ಮೇಲೆ ಲೋಟ ಬಗ್ಗಿಸಿದ. ನನಗೆ ಒಂದೂ ಕೊಡಲಿಲ್ಲ. ಬಿಡಿ, ನಾನೂ ಕೇಳಲಿಲ್ಲ.

ಹೀಗೆ ಹಂಗಾಮು ಕೊನೆಗೆ ಬಂತು. ಉಳಿದದ್ದು ಒಂದೇ ಆಟ, ಮುಂಡಗೋಡ ತಾಲೂಕಿನ ಪಾಳಾದವರ ಜೊತೆ, ಅವರ ಊರಿನಲ್ಲಿ. ಇಬ್ಬರೂ ಸಮಸಮ ಇದ್ದೆವು. ಗೆದ್ದವರು ಎ ಗುಂಪಿಗೆ, ಸೋತವರು ಅಲ್ಲೇ ಕೊಳೆಯಬೇಕು.

ಆ ವಾರ ನನ್ನ ಹೆಂಡತಿಯ ತಮ್ಮನಿಗೆ ಎರಡು ದಿನ ಸಣ್ಣಗೆ ಜ್ವರ. ಬಿಸಿ ಮೈಗೆ ಬೆವರು ಚೆನ್ನಾಗಿ ಬರುತ್ತದೆ ಎಂದು ಒಳಗೊಳಗೇ ಖುಷಿಯಾಯಿತು ನನಗೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಶನಿವಾರ ಔಡಲೆಣ್ಣೆ ಕುಡಿಸಿದೆ. ಭಾನುವಾರ ಓಡುವಾಗ ಅವನು ಎರಡು ಸಲ ಕೂತುಬಿಟ್ಟ. ಎಬ್ಬಿಸಿದೆ. ಟೆಂಪೊದಲ್ಲಿ ಡಬ್ಬಿ ಕೊಟ್ಟೆ, ಬಾಯಿ ಒಣಗಿ ಉಗುಳೇ ಬರಲಿಲ್ಲ.

ಪಾಳಾದ ಅಂಗಳ ಚೊಕ್ಕಟವಾಗಿತ್ತು, ನೀರು ಹೊಡೆದು ಮಣ್ಣು ಕೂರಿಸಿದ್ದರು. ಬದಿಯಲ್ಲಿ ಕಾಟಾ. ಅದು ಅವರ ತಂಡದ ಹಿರಿಯನದೇ, ಜೋಳ ಕೊಂಡು ಮಾರುವ ಮನುಷ್ಯ, ಬಿಳಿ ಟೊಪ್ಪಿಗೆ, ತೋಳಿಲ್ಲದ ಬನಿಯನ್. ಅಂಪೈರ್ ಬೇರೆ ಊರಿನ ಶಾಲೆಯ ಡ್ರಿಲ್ ಮಾಸ್ತರ. ಒಬ್ಬೊಬ್ಬರಾಗಿ ಹತ್ತಿ ಇಳಿದರು. ನಮ್ಮವನು ಹತ್ತಿದ. ಮಾಸ್ತರ ತೂಕದ ಬಟ್ಟು ಸರಿಸಿ, ಬಗ್ಗಿ ನೋಡಿ, "ಇನ್ನೂರು ಗ್ರಾಂ ಜಾಸ್ತಿ ಐತ್ರಿ," ಎಂದರು.

ನಾನು ಕಾಟಾಕ್ಕೆ ಒಂದು ಸುತ್ತು ಹಾಕಿ ಅವನನ್ನು ನೋಡಿದೆ. ಕೂದಲು ಇಲ್ಲ, ಉಗುರು ಇಲ್ಲ, ಕೊರಳ ತಾಯಿತ ತೆಗೆದಾಗಿತ್ತು. ಇನ್ನೇನು ತೆಗೆಯುವುದು? ಆಗ ನನ್ನ ಕಣ್ಣು ಅವನ ನಡುವಿನ ಮೇಲೆ ಬಿತ್ತು. ಬೆಳ್ಳಿಯ ಉಡದಾರ. ಇಪ್ಪತ್ತು ತೊಲಿಯದು, ಇನ್ನೂರು ಗ್ರಾಮಿಗೂ ಮೇಲೆ. ನನ್ನ ಅತ್ತೆ ಸಾಯುವ ಮುಂಚೆ ತನ್ನ ಕಾಲ್ಗಡಗ ಕರಗಿಸಿ ಮಗನಿಗೆ ಮಾಡಿಸಿ ಹಾಕಿದ್ದು.

ನಮ್ಮಲ್ಲಿ ಗಂಡಸಿನ ನಡುವಿನಿಂದ ಉಡದಾರ ತೆಗೆಯುವುದು ಹೆಣಕ್ಕೆ ಮಾತ್ರ. ಹಳೆಯದು ಸವೆದರೂ ಮೊದಲು ಹೊಸದು ಕಟ್ಟಿ, ಆಮೇಲೆ ಹಳೆಯದನ್ನು ಬಿಚ್ಚುತ್ತಾರೆ. ಬದುಕಿರುವವನ ನಡು ಒಂದು ಗಳಿಗೆಯೂ ಬರಿದಾಗಬಾರದು. ನಾನು ಇಂಥದ್ದನ್ನೆಲ್ಲ ನಂಬುವವನಲ್ಲ ಎಂದು ಕ್ಯಾಂಟೀನಿನಲ್ಲಿ ಭಾಷಣ ಬಿಗಿಯುತ್ತಿದ್ದೆ. ನಂಬದವನು ಆ ಕೊಂಡಿಗೆ ಕೈ ಹಾಕುವ ಮುಂಚೆ ಎರಡು ಸಲ ಕೈ ಪ್ಯಾಂಟಿಗೆ ಒರೆಸಿಕೊಂಡದ್ದು ಯಾಕೋ ತಿಳಿಯದು.

"ಮಾವಾ, ಬ್ಯಾಡ್ರಿ," ಎಂದ ಅವನು. ಜೋರಾಗಿ ಹೇಳಲು ಗಂಟಲಿನಲ್ಲಿ ಪಸೆ ಇರಲಿಲ್ಲ. "ಅವ್ವ ಹಾಕಿದ್ದೈತಿ."

"ಒಂದ ತಾಸಿನ ಮಾತಲೇ. ಆಟ ಮುಗದ ಕೂಡಲೆ ನಾನ ಹಾಕ್ತೇನಿ."

ಬಿಚ್ಚಿದೆ. ಬಿಚ್ಚಿ ನನ್ನ ಪ್ಯಾಂಟಿನ ಜೇಬಿಗೆ ಹಾಕಿಕೊಂಡೆ. ಬೆಚ್ಚಗಿತ್ತು ಅದು. ಮಾಸ್ತರ ಮತ್ತೆ ಬಟ್ಟು ನೋಡಿ ತಲೆಯಾಡಿಸಿದರು. ಅರವತ್ತು. ನಮ್ಮವರು ಚಪ್ಪಾಳೆ ತಟ್ಟಿದರು. ಪಾಳಾದವರು ಯಾರೂ ತಟ್ಟಲಿಲ್ಲ, ಅವರೆಲ್ಲ ಅವನ ಬರಿ ನಡು ನೋಡುತ್ತಿದ್ದರು. ಆ ಟೊಪ್ಪಿಗೆಯ ಹಿರಿಯ ಎದ್ದು ತನ್ನ ಜೋಳದ ಚೀಲದ ಬಾಯಿ ಬಿಚ್ಚಿ, ಅದಕ್ಕೆ ಕಟ್ಟಿದ್ದ ಸುತಳಿ ಎಳೆದುಕೊಂಡು ಬಂದ. ಕಾಟಾದ ಮೇಲೇ ನಿಂತಿದ್ದ ಅವನ ನಡುವಿಗೆ ಸುತ್ತಿ ಎರಡು ಗಂಟು ಹಾಕಿದ.

"ಬರೇ ನಡಾ ಬಿಟಗೊಂಡ ಆಡಬಾರದ ತಮ್ಮಾ," ಎಂದ. ಆಮೇಲೆ ಮಾಸ್ತರ ಕಡೆ ತಿರುಗಿ, "ಇದರದೂ ತೂಕ ಹಿಡೀತೀರೇನ್ರಿ?" ಎಂದು ಕೇಳಿದ. ಮಾಸ್ತರ ನಕ್ಕು ಇಲ್ಲವೆಂದರು. ಚೀಲದ ಬಾಯಿಯಿಂದ ಒಂದಿಷ್ಟು ಜೋಳ ನೆಲಕ್ಕೆ ಸುರಿದಿತ್ತು, ಆ ಹಿರಿಯ ಕೂತು ಅದನ್ನು ಆರಿಸತೊಡಗಿದ. ಎದುರಾಳಿ ತಂಡದವನಿಗೆ ಹೊಳೆದದ್ದು ನನಗೆ ಯಾಕೆ ಹೊಳೆಯಲಿಲ್ಲ ಎಂದು ಆ ಹೊತ್ತಿನಲ್ಲಿ ನಾನು ಯೋಚಿಸಲೇ ಇಲ್ಲ. ಇನ್ನೂರು ಗ್ರಾಂ ಹೋಯಿತಲ್ಲ, ಅಷ್ಟೇ ಸಾಕಾಗಿತ್ತು.

ಆಟ ಬಿಗಿಯಾಗಿತ್ತು. ಅರ್ಧ ಆಟದವರೆಗೆ ನಾವು ಮುಂದಿದ್ದೆವು, ಆಮೇಲೆ ಅವರು ಹಿಡಿದರು. ನಾನು ನಮ್ಮ ಕಡೆಯ ಗೆರೆ ಕಾಯುವವನಾಗಿ ನಡುಗೆರೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದೆ. ಕೊನೆಯ ನಿಮಿಷ. ಅವರು ಒಂದು ಪಾಯಿಂಟ್ ಮುಂದೆ. ಕೊನೆಯ ರೇಡ್ ನಮ್ಮದು. ನನ್ನ ಹೆಂಡತಿಯ ತಮ್ಮ ಎದ್ದು ಬಂದು ಗೆರೆ ಮುಟ್ಟಿ ನಮಸ್ಕರಿಸಿ ಒಳಗೆ ಹೋದ.

ದಮ್ಮು ಶುರುವಾಯಿತು, ಕಬಡ್ಡಿ ಕಬಡ್ಡಿ ಕಬಡ್ಡಿ. ಎಂದಿನ ಗಂಟೆಯಂಥ ಧ್ವನಿಯಲ್ಲ, ಒಣ ಎಲೆ ತರಗುಟ್ಟಿದ ಹಾಗೆ. ಬಲಕ್ಕೆ ಹೋದ, ಎಡಕ್ಕೆ ಬಂದ, ಯಾರೂ ಸಿಗಲಿಲ್ಲ. ತಿರುಗಿ ನಡುಗೆರೆಗೆ ಎರಡು ಹೆಜ್ಜೆ ಇರುವಾಗ ಅವನ ಮೊಣಕಾಲು ಕುಸಿದವು. ಕಣ್ಣುಗುಡ್ಡೆ ಮೇಲೆ ಹೋಯಿತು. ದಮ್ಮು ಕಡಿಯಿತು. ಪಾಳಾದ ಇಬ್ಬರು ಹಿಡಿಯಲೆಂದು ಧಾವಿಸಿದವರು, ಅವನ ಮುಖ ಕಂಡ ಕೂಡಲೇ ಕೆಡವುವ ಕೈಯನ್ನು ಆಸರೆಯ ಕೈ ಮಾಡಿದರು. ಎರಡೂ ಕಡೆಯಿಂದ ರಟ್ಟೆ ಹಿಡಿದು, ತಲೆ ನೆಲಕ್ಕೆ ಬಡಿಯದಂತೆ ಮೆಲ್ಲಗೆ ಮಲಗಿಸಿದರು. ಮಲಗಿಸುವಾಗ ಅವನ ಬಲಗೈ ಚಾಚಿ ನಡುಗೆರೆ ದಾಟಿ ನಮ್ಮ ಅಂಗಳದಲ್ಲಿ ಬಿತ್ತು.

ನನ್ನಿಂದ ಒಂದು ಮೊಳ ದೂರ. ಅವನ ತುಟಿ ಅಲ್ಲಾಡುತ್ತಿತ್ತು. "ನೀರ... ಅಕ್ಕಾ, ನೀರ ಕೊಡ..." ಎನ್ನುತ್ತಿದ್ದ. ಸ್ಪಷ್ಟವಾಗಿ ಕೇಳಿದೆ ನಾನು. ತನ್ನ ಅಕ್ಕನನ್ನು ನೀರು ಕೇಳುತ್ತಿದ್ದ.

ನಾನು ನೆಗೆದೆದ್ದು ಕೂಗಿದೆ: "ದಮ್ಮ ಐತಿ! ದಮ್ಮ ಕಡದಿಲ್ಲ! ಇಬ್ರನ್ನ ಮುಟ್ಯಾನ, ಕೈ ದಾಟೈತಿ! ಎರಡ ಪಾಯಿಂಟ!"

ಅಂಗಳದ ಸುತ್ತ ಗದ್ದಲ. ದಮ್ಮು ಇದ್ದರೆ ನಮಗೆ ಎರಡು ಪಾಯಿಂಟ್, ನಾವು ಗೆದ್ದಂತೆ. ದಮ್ಮು ಕಡಿದಿದ್ದರೆ ಅವನು ಔಟ್, ಅವರು ಗೆದ್ದಂತೆ. ಮಾಸ್ತರ ಎದುರಿನ ಗೆರೆಯವನನ್ನು ಕೇಳಿದರು. ಪಾಳಾದ ಹುಡುಗ ಅವನು, ಸುಳ್ಳು ಹೇಳಬಹುದಿತ್ತು. "ನಾ ದೂರ ಇದ್ದೆ, ನನಗ ಕೇಳಿಲ್ರಿ," ಎಂದ. ಮಾಸ್ತರ ನನ್ನತ್ತ ಬಂದರು.

"ನೀವ ಹತ್ರ ಇದ್ರಿ. ಮಣ್ಣ ಮುಟ್ಟಿ ಹೇಳ್ರಿ."

ಬಗ್ಗಿದೆ. ಜೇಬಿನಲ್ಲಿದ್ದ ಬೆಳ್ಳಿ ತೊಡೆಗೆ ಒತ್ತಿತು. ನೀರು ಹೊಡೆದ ಮಣ್ಣು ತಣ್ಣಗಿತ್ತು, ಬೆರಳಿಗೆ ಮೆತ್ತಿಕೊಂಡಿತು. "ದಮ್ಮ ಇತ್ರಿ," ಎಂದೆ.

ಮಾಸ್ತರ ಸೀಟಿ ಊದಿದರು. ನಮ್ಮವರು ಹುಯಿಲಿಟ್ಟು ಬಂದು ನನ್ನನ್ನು ಹೆಗಲ ಮೇಲೆ ಎತ್ತಿಕೊಂಡು ಕುಣಿದರು. ಎ ಗ್ರೂಪ್, ಎ ಗ್ರೂಪ್ ಎಂದು ಕಿರುಚಿದರು. ಆ ಎತ್ತರದಿಂದ ನೋಡಿದೆ. ನನ್ನ ಹೆಂಡತಿಯ ತಮ್ಮನ ಹತ್ತಿರ ನಮ್ಮವರು ಒಬ್ಬರೂ ಇರಲಿಲ್ಲ. ಅವನನ್ನು ಮಲಗಿಸಿದ ಅದೇ ಇಬ್ಬರು ಅವನನ್ನು ನೆರಳಿಗೆ ಎತ್ತಿಕೊಂಡು ಹೋಗಿದ್ದರು. ಟೊಪ್ಪಿಗೆಯ ಹಿರಿಯ ತನ್ನ ಟವೆಲ್ ನೆನೆಸಿ ಅವನ ಬಾಯಿಗೆ ಹನಿಹನಿಯಾಗಿ ಹಿಂಡುತ್ತಿದ್ದ. ಅವರ ಹುಡುಗರಲ್ಲಿ ಒಬ್ಬ ನಮ್ಮ ಕಡೆ ಏನೋ ಕೂಗುತ್ತ ಬಂದದ್ದಕ್ಕೆ ಆ ಹಿರಿಯ ಕತ್ತು ತಿರುಗಿಸದೆ ಹೇಳಿದ: "ಬಿಡಪಾ. ಮಣ್ಣ ಮುಟ್ಟಿ ಹೇಳ್ಯಾರ." ಅವನು ನನ್ನನ್ನು ಬೈದಿದ್ದರೆ ನಾನು ತಿರುಗಿ ಬೈದು ಹಗುರಾಗುತ್ತಿದ್ದೆ.

ವಾಪಸು ಬರುವಾಗ ಟೆಂಪೊದಲ್ಲಿ ಹಾಡು, ಗುಲಾಲು, ಭಜಿ. ಅವನು ಹಿಂದಿನ ಸೀಟಿನಲ್ಲಿ ವಾಂತಿ ಮಾಡಿಕೊಂಡ. ಯಾರೋ "ಥೂ, ವಾಸನಿ" ಎಂದು ಮುಂದೆ ಸರಿದರು. ಎ ಗುಂಪಿಗೆ ನಮ್ಮನ್ನು ಹೊತ್ತುಕೊಂಡು ಹೋದವನ ವಾಸನೆ ಅದು. ಯಲ್ಲಾಪುರ ದಾಟಿದ ಮೇಲೆ ನಾನು ಹಿಂದೆ ಹೋಗಿ ಜೇಬಿನಿಂದ ಉಡದಾರ ತೆಗೆದೆ. ಅವನು ಅದನ್ನು ನೋಡಿದ. ಕೈ ಚಾಚಲಿಲ್ಲ, ನಡು ಎತ್ತಿಕೊಡಲೂ ಇಲ್ಲ. "ಇರಲಿ, ನಿಮ್ಮ ಹತ್ರಾನ ಇಟಗೋರಿ," ಎಂದು ಕಣ್ಣು ಮುಚ್ಚಿದ.

ಮನೆಯಲ್ಲಿ ಹೆಂಡತಿ ಅವನಿಗೆ ಸ್ನಾನಕ್ಕೆ ನೀರು ಕಾಸಿದಾಗ ಸುತಳಿ ಕಂಡಳು. ಬಚ್ಚಲಿನಿಂದ ಹೊರಗೆ ಬಂದು ನನ್ನೆದುರು ನಿಂತಳು. ಬೆಳ್ಳಿಯದನ್ನು ನಾನು ಮೇಜಿನ ಮೇಲೆ ಇಟ್ಟಿದ್ದೆ. ಅವಳು ಅದನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡು, ತನ್ನ ಅವ್ವನ ಸೀರೆಯಲ್ಲಿ ಸುತ್ತಿ ಟ್ರಂಕಿಗೆ ಹಾಕಿದಳು. "ಬದುಕಿದ್ದಾಂವನ ನಡದಾಗಿಂದ ಬಿಚ್ಚಿದ್ರಿ," ಎಂದಳು. ಅಷ್ಟೇ. ಆ ಬೆಳ್ಳಿ ಈಗಲೂ ಅದೇ ಟ್ರಂಕಿನಲ್ಲಿದೆ, ಅವನು ಒಂದು ದಿನವೂ ಕೇಳಲಿಲ್ಲ. ಸುತಳಿ ಸವೆದಾಗ ಇನ್ನೊಂದು ಸುತಳಿ ಕಟ್ಟಿಕೊಂಡು ಹಳೆಯದನ್ನು ಬಿಚ್ಚಿದ. ನನ್ನ ಜೊತೆ ಮಾತು ಬಿಟ್ಟಿರಲಿಲ್ಲ. ಹೂಂ, ಹೌದ್ರಿ, ಬರ್ತೇನ್ರಿ, ಎಲ್ಲ ಇತ್ತು. ಅವತ್ತು ಅಂಗಳದಲ್ಲಿ ಬಿದ್ದಾಗ ಏನಾಯಿತೆಂದು ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಪ್ರಜ್ಞೆ ತಪ್ಪಿತ್ತು, ಅವನಿಗೇನು ಗೊತ್ತು ಎಂದು ನನ್ನನ್ನು ನಾನು ಸಮಾಧಾನ ಮಾಡಿಕೊಂಡಿದ್ದೆ.

ಎ ಗುಂಪಿನಲ್ಲಿ ನಾವು ಉಳಿದದ್ದು ಒಂದೇ ವರ್ಷ. ಒಂದು ಆಟವನ್ನೂ ಗೆಲ್ಲದೆ ವಾಪಸು ಬಿಗೆ ಬಂದು ಬಿದ್ದೆವು, ಆಮೇಲೆ ತಂಡವೇ ಮುರಿಯಿತು. ಮೊದಲ ಆಟದ ದಿನ ಮಾತ್ರ ನನಗೆ ಪೂರ್ತಿ ನೆನಪಿದೆ. ಹಳಿಯಾಳ, ಸುಣ್ಣದ ಗೆರೆ, ಮೈಕು, ನಾನು ಆರು ವರ್ಷ ಕನಸಿದ ಆ ಕುರ್ಚಿಗಳು. ಹೊಸ ಬಿಳಿ ಅಂಗಿ ತೊಟ್ಟು ಮೊದಲ ಸಾಲಿನಲ್ಲಿ ಕೂತಿದ್ದೆ. ಹೊಸ ಹಂಗಾಮು ಶುರುವಾಗುತ್ತದೆ ಎಂದು ಆ ವಾರವೂ ಶುಕ್ರವಾರದಿಂದ ಎಲ್ಲ ಬಂದ್ ಎಂದು ಹೇಳಿದ್ದೆ, ಅವನು "ಹೂಂ" ಎಂದಿದ್ದ. ರಾತ್ರಿ ಪಾಳಿ ಇದ್ದದ್ದರಿಂದ ನಾನು ಮಿಲ್ಲಿನಿಂದ ನೇರ ಅಲ್ಲಿಗೆ ಬಂದಿದ್ದೆ, ಅವನು ಮನೆಯಿಂದ ಬಂದ.

ಅವನ ಸರದಿ ಬಂತು. ಅಂಗಿ ಬಿಚ್ಚಿಟ್ಟು ಕಾಟಾ ಹತ್ತಿ ನೆಟ್ಟಗೆ ನಿಂತ. ನಡುವಿನಲ್ಲಿ ಸುತಳಿ. ಬಟ್ಟು ಸರಿಸಿದ ಅಂಪೈರ್ ಇನ್ನೊಮ್ಮೆ ಸರಿಸಿದರು, ಮತ್ತೊಮ್ಮೆ ಸರಿಸಿದರು. ಮೈಕಿನವನಿಗೆ ಹೇಳಿದರು. ಮೈಕು ಊರಿಗೆಲ್ಲ ಕೇಳುವಂತೆ ಸಾರಿತು: ಅರವತ್ತೈದು ಕಿಲೋ, ಆಡುವಂತಿಲ್ಲ. ಕುರ್ಚಿಗಳಲ್ಲಿ ಕೂತವರು ನಕ್ಕರು. ಬಸ್‌ಸ್ಟ್ಯಾಂಡಿನಲ್ಲಿ ಕೇಳುತ್ತಿದ್ದ ಅದೇ ನಗು.

ನಾನು ಓಡಿಹೋದೆ. "ಏನಲೇ ಇದು? ಏನ ಮಾಡಿದಿ?"

ಅವನು ಕಾಟಾದಿಂದ ಇಳಿಯಲಿಲ್ಲ. ಮೇಲಿಂದಲೇ, ಪಾಳಾದ ಆಟದ ನಂತರ ಮೊದಲ ಸಲ ನನ್ನ ಕಣ್ಣಿಗೆ ಕಣ್ಣಿಟ್ಟು ನೋಡಿದ.

"ಮಾವಾ, ನಾ ಉಂಡ ಬಂದೇನ್ರಿ. ಅಕ್ಕ ಐದ ರೊಟ್ಟಿ ನೀಡಿದ್ಲು. ಮ್ಯಾಲ ನೀರ ಕೇಳಿದ್ನಿ, ಎರಡ ತಂಬಿಗಿ ಕೊಟ್ಲು," ಎಂದ. ಆಮೇಲೆ ನೆಲದ ಕಡೆ ಬೆರಳು ತೋರಿಸಿದ. "ನಿಮಗ ನಂಬಿಕಿ ಇಲ್ಲಂದ್ರ, ಮಣ್ಣ ಮುಟ್ಟಿ ಹೇಳ್ತೇನಿ."